ಪ್ರಾಜೆಕ್ಟ್ ಡೈರಿಗೂ ಮಳೆ ಲೆಕ್ಕದ ಶಿಸ್ತು ಬೇಕು

ಮಾನ್ಯ ಸಂಪಾದಕರೇ,

ಕೊಡಗು ಜಿಲ್ಲೆಯ ಇಂಜಿನಿಯರಿಂಗ್, ಡಿಪ್ಲೊಮಾ ಮತ್ತು ಪದವಿ ಕಾಲೇಜುಗಳಲ್ಲಿ ಈಗ ಪ್ರಾಜೆಕ್ಟ್ ಬ್ಯಾಚ್‌ಗಳು ರಚನೆಯಾಗುತ್ತಿವೆ. ನಾಲ್ವರ ತಂಡ, ಒಬ್ಬ ಗೈಡ್, ಒಂದು ವಿಷಯ, ಜೊತೆಗೆ ಪ್ರತಿ ವಾರ ತುಂಬಬೇಕಾದ ಒಂದು ಡೈರಿ. ಮೊದಲ ಮೂರರ ಬಗ್ಗೆ ಎಲ್ಲರೂ ತಲೆ ಕೆಡಿಸಿಕೊಳ್ಳುತ್ತಾರೆ. ಡೈರಿ ಮಾತ್ರ ವೈವಾದ (ಮೌಖಿಕ ಪರೀಕ್ಷೆಯ) ಹಿಂದಿನ ರಾತ್ರಿ ನೆನಪಾಗುತ್ತದೆ. ಹದಿನಾಲ್ಕು ವಾರದ ಪ್ರಗತಿಯನ್ನು ಒಬ್ಬನೇ ಒಂದೇ ಪೆನ್ನಿನಲ್ಲಿ ಬರೆದು ಮುಗಿಸುತ್ತಾನೆ, ಬೆಳಿಗ್ಗೆ ಗೈಡ್ ಹದಿನಾಲ್ಕು ಸಹಿಯನ್ನು ಒಟ್ಟಿಗೆ ಹಾಕುತ್ತಾರೆ. ಬರೆದವರಿಗೂ ಸಹಿ ಹಾಕಿದವರಿಗೂ ಅದರಿಂದ ಮೂರು ಕಾಸಿನ ಪ್ರಯೋಜನವಿಲ್ಲ.

ಇದೇ ಜಿಲ್ಲೆಯ ತೋಟದ ಮನೆಗಳಲ್ಲಿ ಬೆಳಿಗ್ಗೆ ಎದ್ದು ಮಳೆಮಾಪಕದ ನೀರು ಅಳೆದು, ಇಂಚು ಮತ್ತು ಸೆಂಟಿನ (ಇಂಚಿನ ನೂರನೇ ಒಂದು ಭಾಗ) ಲೆಕ್ಕದಲ್ಲಿ ಬರೆದಿಡುವ ಪದ್ಧತಿ ತಲೆಮಾರುಗಳಿಂದ ಇದೆ. ಮಳೆ ಬಾರದ ದಿನ ಸೊನ್ನೆ ಬರೆಯುತ್ತಾರೆಯೇ ಹೊರತು ಜಾಗ ಖಾಲಿ ಬಿಡುವುದಿಲ್ಲ. ಸೊನ್ನೆ ಎಂದರೆ ನೋಡಿದ್ದೇವೆ, ಮಳೆ ಬಂದಿಲ್ಲ ಎಂದು ಅರ್ಥ. ಖಾಲಿ ಎಂದರೆ ಯಾರೂ ನೋಡಲೇ ಇಲ್ಲ ಎಂದು. ಮೂರು ತಿಂಗಳ ಮೇಲೆ ನೆನಪಿನಿಂದ ಬರೆದ ಮಳೆ ಲೆಕ್ಕವನ್ನು ಯಾವ ಬೆಳೆಗಾರರೂ ನಂಬುವುದಿಲ್ಲ. ಮನೆಯಲ್ಲಿ ಈ ಶಿಸ್ತು ಕಂಡು ಬೆಳೆದ ಮಕ್ಕಳಿಂದ ಕಾಲೇಜು ಹಿಂದಿನ ದಿನಾಂಕದ ಡೈರಿ ಬರೆಸಿಕೊಳ್ಳುತ್ತಿದೆ.

ವಾರದ ವರದಿ ಇರುವುದು ತೊಂದರೆಯನ್ನು ಅದು ಚಿಕ್ಕದಿರುವಾಗಲೇ ಹಿಡಿಯಲು. ಆ ಕೆಲಸ ಆಗಬೇಕಾದರೆ ಹಾಳೆಯ ರಚನೆ ಬದಲಾಗಬೇಕು, ಗೈಡ್ ಅದನ್ನು ಓದುವ ರೀತಿ ಬದಲಾಗಬೇಕು, ಅಂಕ ಕೊಡುವ ಕ್ರಮವೂ ಬದಲಾಗಬೇಕು. ಇದಕ್ಕೆ ದುಡ್ಡು ಬೇಕಿಲ್ಲ. ಹೇಗೆಂದು ಸ್ವಲ್ಪ ವಿವರವಾಗಿಯೇ ಬರೆಯುತ್ತಿದ್ದೇವೆ, ಪತ್ರ ಉದ್ದವಾದರೆ ಕ್ಷಮೆ ಇರಲಿ.

ಹಾಳೆ ಒಂದೇ ಸಾಕು, ಎ4 ಅಳತೆಯದು, ಒಂದು ಮಗ್ಗುಲು. ತಲೆಬರಹದಲ್ಲಿ ಬ್ಯಾಚ್ ಸಂಖ್ಯೆ, ವಾರದ ಸಂಖ್ಯೆ, ಬರೆದ ದಿನಾಂಕ. ಅದರ ಕೆಳಗೆ ಮೊಟ್ಟಮೊದಲು ಬರಬೇಕಾದದ್ದು ಕಳೆದ ವಾರದ ಹಾಳೆಯಲ್ಲಿ ‘ಮುಂದಿನ ವಾರ ಮಾಡುವ ಕೆಲಸ’ ಎಂದು ಬರೆದಿದ್ದ ಸಾಲುಗಳು. ಅವನ್ನು ಒಂದಕ್ಷರ ಬದಲಿಸದೆ ನಕಲು ಮಾಡಿ, ಪ್ರತಿಯೊಂದರ ಎದುರು ‘ಮುಗಿಯಿತು’ ಅಥವಾ ‘ಮುಗಿಯಲಿಲ್ಲ’ ಎಂದು ಬರೆಯಬೇಕು. ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡುವಂತಿಲ್ಲ. ಈಗಿನ ಡೈರಿಗಳಲ್ಲಿ ಪ್ರತಿ ವಾರವೂ ಹೊಸ ಪುರಾಣ ಶುರುವಾಗುತ್ತದೆ, ಹೋದ ವಾರ ಕೊಟ್ಟ ಮಾತು ಏನಾಯಿತು ಎಂದು ಹಾಳೆ ಕೇಳುವುದೇ ಇಲ್ಲ. ಹಳೆಯ ಸಾಲನ್ನು ಕೈಯಾರೆ ಬರೆದು ಅದರ ಎದುರು ಮೂರನೇ ಸಲ ‘ಮುಗಿಯಲಿಲ್ಲ’ ಎಂದು ಬರೆಯುವಾಗ ತಂಡಕ್ಕೆ ತಾನಾಗಿಯೇ ಬಿಸಿ ಮುಟ್ಟುತ್ತದೆ.

ಎರಡನೆಯದು ಯಾರು ಏನು ಮಾಡಿದರು ಎಂಬ ಪಟ್ಟಿ. ನಾಲ್ವರಿಗೂ ತಲಾ ಎರಡು ಸಾಲು: ಹೆಸರು, ಮಾಡಿದ ಕೆಲಸ, ತಗಲಿದ ಗಂಟೆ, ಪುರಾವೆ ಎಲ್ಲಿದೆ. ಈ ಸಾಲುಗಳನ್ನು ಅವರವರೇ ಬರೆದು ಪಕ್ಕದಲ್ಲಿ ಕಿರುಸಹಿ ಹಾಕಬೇಕು. ಹಾಳೆಯನ್ನು ಒಟ್ಟುಗೂಡಿಸುವ ಜವಾಬ್ದಾರಿ ವಾರಕ್ಕೊಬ್ಬರಂತೆ ಸುತ್ತಬೇಕು. ಇಲ್ಲದಿದ್ದರೆ ಅಕ್ಷರ ಚೆನ್ನಾಗಿರುವ ಹುಡುಗಿಯ ತಲೆಗೆ ಅದು ಖಾಯಂ ಬೀಳುತ್ತದೆ, ವೈವಾದಲ್ಲಿ ‘ನೀನು ಡಾಕ್ಯುಮೆಂಟೇಷನ್ ಮಾತ್ರ ಮಾಡಿದ್ದಲ್ಲವೇ’ ಎಂಬ ಪ್ರಶ್ನೆಯೂ ಅವಳಿಗೇ ಬರುತ್ತದೆ. ಬಿಡಿಭಾಗ ತರಲು ಮೈಸೂರಿಗೆ ಹೋಗಿಬಂದವನ ಇಡೀ ದಿನವೂ ಕೆಲಸವೇ. ಮಡಿಕೇರಿಯಿಂದ ಸುಮಾರು 120 ಕಿ.ಮೀ., ರೈಲಿಲ್ಲದ ಜಿಲ್ಲೆ, ಬಸ್ಸಿನಲ್ಲೇ ಆರು ಗಂಟೆ ಹೋಗುತ್ತದೆ. ಅದನ್ನೂ ಬರೆಯಲಿ.

ತೋಟಗಳಲ್ಲಿ ರೈಟರ್ (ಗುಮಾಸ್ತ) ಇಡುವ ಚೆಕ್‌ರೋಲ್ ಇದಕ್ಕಿಂತ ಭಿನ್ನವೇನಲ್ಲ. ಯಾವ ಬ್ಲಾಕಿನಲ್ಲಿ ಯಾವ ಕೆಲಸಕ್ಕೆ ಎಷ್ಟು ಆಳು ಎಂದು ಸಂಜೆಗೆ ದಾಖಲಾಗುತ್ತದೆ. ‘ಎಲ್ಲರೂ ಸೇರಿ ಕೆಲಸ ಮಾಡಿದೆವು’ ಎಂಬ ಚೆಕ್‌ರೋಲ್ ಅನ್ನು ಯಾವ ಮಾಲೀಕರೂ ಒಪ್ಪುವುದಿಲ್ಲ.

ಹೆಸರು ಬರೆಸುವುದಕ್ಕೆ ಇನ್ನೊಂದು ಕಾರಣವಿದೆ. ಕೆಸರುಗದ್ದೆ ಕ್ರೀಡಾಕೂಟದ ಹಗ್ಗಜಗ್ಗಾಟ ನೋಡಿದವರಿಗೆ ಇದು ಬೇಗ ಅರ್ಥವಾದೀತು. ಫ್ರಾನ್ಸಿನ ಕೃಷಿ ಇಂಜಿನಿಯರ್ ಮ್ಯಾಕ್ಸಿಮಿಲಿಯನ್ ರಿಂಗೆಲ್‌ಮನ್ ಜನರಿಂದ ಹಗ್ಗ ಎಳೆಸಿ ಬಲವನ್ನು ಅಳೆದು, 1913ರಲ್ಲಿ ಫಲಿತಾಂಶ ಪ್ರಕಟಿಸಿದರು. ಎಂಟು ಮಂದಿ ಒಟ್ಟಿಗೆ ಎಳೆದಾಗ ತಲಾ ಬೀಳುವ ಬಲ, ಒಬ್ಬೊಬ್ಬರೇ ಎಳೆದಾಗಿನ ಸುಮಾರು ಅರ್ಧಕ್ಕೆ ಇಳಿದಿತ್ತು. ಹೊಂದಾಣಿಕೆ ತಪ್ಪುವುದು ಒಂದು ಕಾರಣ, ಗುಂಪಿನಲ್ಲಿ ಮೈಗಳ್ಳತನ ಇನ್ನೊಂದು. 1979ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಸಂಗಡಿಗರು ಚಪ್ಪಾಳೆ ಹಾಗೂ ಕೂಗಿನ ಪ್ರಯೋಗದಲ್ಲೂ ಇದನ್ನೇ ಕಂಡರು. 1981ರಲ್ಲಿ ಅದೇ ತಂಡ, ಪ್ರತಿಯೊಬ್ಬರ ಪಾಲು ಬೇರೆಯಾಗಿ ಗುರುತಾಗುತ್ತದೆ ಎಂದು ಗೊತ್ತಿದ್ದರೆ ಗುಂಪಿನಲ್ಲೂ ಜನ ಪೂರ್ತಿ ಶ್ರಮ ಹಾಕುತ್ತಾರೆ ಎಂದು ತೋರಿಸಿತು. ತಂಡದಲ್ಲಿ ಇಬ್ಬರು ದುಡಿದು ಇಬ್ಬರು ನೆರಳಿನಲ್ಲಿ ಕೂರುವ ರೋಗಕ್ಕೆ ಉಪದೇಶಕ್ಕಿಂತ ಹೆಸರಿನ ಎದುರಿನ ಎರಡು ಸಾಲು ಹೆಚ್ಚು ನಾಟುವುದು ಇದೇ ಕಾರಣಕ್ಕೆ.

ಪುರಾವೆ ಎಂದರೆ ದೊಡ್ಡ ಕಡತವಲ್ಲ. ಪ್ರೋಗ್ರಾಂ ಬರೆದಿದ್ದರೆ ಗಿಟ್‌ನಲ್ಲಿ (ಪ್ರೋಗ್ರಾಂನ ಪ್ರತಿ ಬದಲಾವಣೆಯನ್ನೂ ದಾಖಲಿಸಿಡುವ ಸಾಫ್ಟ್‌ವೇರ್) ಆ ದಿನ ಸೇರಿಸಿದ ಆವೃತ್ತಿಯ ಸಂಖ್ಯೆ. ಸರ್ಕ್ಯೂಟ್ ಆದರೆ ಮಲ್ಟಿಮೀಟರ್ ಓದು ಕಾಣುವ ಫೋಟೊ. ಕಾಮರ್ಸ್, ಸಮಾಜಶಾಸ್ತ್ರದ ಸಮೀಕ್ಷೆಯಾದರೆ ತುಂಬಿದ ನಮೂನೆಗಳ ಕ್ರಮಸಂಖ್ಯೆ: ‘23ರಿಂದ 37’. ‘ಹೋಂಸ್ಟೇಗಳನ್ನು ಭೇಟಿ ಮಾಡಿದೆವು’ ಎಂದರೆ ಸಾಲದು. ಎಲ್ಲವನ್ನೂ ‘ವಾರ 06’ ಎಂಬಂತೆ ಹೆಸರಿಟ್ಟ ಫೋಲ್ಡರಿನಲ್ಲಿ ಹಾಕಿಟ್ಟರೆ ಕೊನೆಯಲ್ಲಿ ರಿಪೋರ್ಟ್ ಬರೆಯುವಾಗ ಚಿತ್ರ ಹುಡುಕುವ ಒದ್ದಾಟವೂ ತಪ್ಪುತ್ತದೆ.

ಇನ್ನು ಶೇಕಡಾವಾರು ಪ್ರಗತಿ. ‘ಸೆನ್ಸರ್ ಕೆಲಸ ಶೇ 80 ಮುಗಿದಿದೆ’ ಎಂಬ ಸಾಲನ್ನು ನಿಷೇಧಿಸಿದರೂ ತಪ್ಪಿಲ್ಲ. ಐದನೇ ವಾರ ಶೇ 80, ಎಂಟನೇ ವಾರ ಶೇ 90, ಹನ್ನೆರಡನೇ ವಾರವೂ ಶೇ 90. ಯಾರೂ ಸುಳ್ಳು ಹೇಳುತ್ತಿರುವುದಿಲ್ಲ. ಜೋಡಣೆಯಾದದ್ದು ಕಣ್ಣಿಗೆ ಕಾಣುತ್ತದೆ, ಉಳಿದಿರುವ ತೊಡಕು ಕಾಣುವುದಿಲ್ಲ, ಅಷ್ಟೆ. ಕಾಫಿ ಚೆರಿ ಕೊಳ್ಳುವವರು 50 ಕೆ.ಜಿ. ಚೀಲ ಎಷ್ಟು ಉಬ್ಬಿದೆ ಎಂದು ನೋಡದೆ ಔಟ್‌ಟರ್ನ್ (ಸಿಪ್ಪೆ ತೆಗೆದ ಮೇಲೆ ಸಿಗುವ ಕಾಫಿ ಬೀಜದ ತೂಕ) ಎಷ್ಟು ಎಂದು ಕೇಳುತ್ತಾರಲ್ಲ, ಹಾಗೆಯೇ ಇಲ್ಲೂ ಕೇಳಬೇಕಿದೆ.

ಅದಕ್ಕೆ ದಾರಿ ಕೆಲಸವನ್ನು ಚಿಕ್ಕದಾಗಿ ಕತ್ತರಿಸುವುದು. ಒಬ್ಬರಿಗೆ ಎಂಟು ಗಂಟೆಗಿಂತ ಹೆಚ್ಚು ಹಿಡಿಯುವ ಯಾವುದನ್ನೂ ಒಂದು ಕೆಲಸ ಎಂದು ಎಣಿಸಬಾರದು, ಎರಡು ಮಾಡಬೇಕು. ಪ್ರತಿ ತುಂಡಿಗೂ ಎರಡೇ ಸ್ಥಿತಿ: ಮುಗಿದಿದ್ದರೆ ಒಂದು, ಇಲ್ಲದಿದ್ದರೆ ಸೊನ್ನೆ. ಮುಕ್ಕಾಲು, ಅರ್ಧ ಎಂಬುದಿಲ್ಲ. ನಾಲ್ವರು ವಾರಕ್ಕೆ ತಲಾ ಆರು ಗಂಟೆ ಕೊಟ್ಟರೆ ವಾರಕ್ಕೆ 24 ಗಂಟೆ, 14 ವಾರಕ್ಕೆ 336 ಗಂಟೆ. ಎಂಟೆಂಟು ಗಂಟೆಯಂತೆ ಹೆಚ್ಚೆಂದರೆ 42 ತುಂಡು ಹಿಡಿಯುತ್ತದೆ. ಎರಡು ತುಂಡಿನಷ್ಟು ಸಮಯ ಕೈಯಲ್ಲಿಟ್ಟುಕೊಂಡು 40 ಬರೆಯಿರಿ. ಆರು ವಾರ ಕಳೆದಾಗ ಒಂಬತ್ತು ತುಂಡು ಮಾತ್ರ ಮುಗಿದಿದ್ದರೆ ವೇಗ ವಾರಕ್ಕೆ ಒಂದೂವರೆ. ಉಳಿದ ಎಂಟು ವಾರದಲ್ಲಿ ಇನ್ನು ಹನ್ನೆರಡು ಆಗಬಹುದು, ಒಟ್ಟು 21. ಅಂದರೆ 19 ತುಂಡು ಬಾಕಿ ಉಳಿಯುತ್ತದೆ ಎಂದು ಆರನೇ ವಾರದಲ್ಲೇ ಗೊತ್ತಾಗುತ್ತದೆ. ಮೊಬೈಲ್ ಆ್ಯಪ್ ಕೈಬಿಡುವುದೇ, ಎರಡು ಸೆನ್ಸರಿನ ಬದಲು ಒಂದಕ್ಕೆ ಇಳಿಯುವುದೇ ಎಂಬ ಮಾತು ಆಗಲೇ ಆಗಬೇಕು. ಹದಿಮೂರನೇ ವಾರದಲ್ಲಿ ಮಾತಾಡಿದರೆ ಊರು ಸೂರೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ. ಒಂದು ಗ್ರಾಫ್ ಹಾಳೆಯಲ್ಲಿ ಅಡ್ಡಕ್ಕೆ ವಾರ, ಉದ್ದಕ್ಕೆ ಮುಗಿದ ತುಂಡುಗಳ ಸಂಖ್ಯೆ ಗುರುತಿಸಿ ಯೋಜನೆಗೆ ಒಂದು ಗೆರೆ, ನಿಜಕ್ಕೆ ಒಂದು ಗೆರೆ ಎಳೆದು ಲ್ಯಾಬಿನ ಗೋಡೆಗೆ ಅಂಟಿಸಿದರೆ ಇದಕ್ಕೆ ಸಾಫ್ಟ್‌ವೇರ್ ಏನೂ ಬೇಡ.

ಉದಾಹರಣೆಗೆ ತೋಟಕ್ಕೆ ತಾನೇ ಮಳೆ ಎಣಿಸುವ ಮಾಪಕ ಮಾಡುವ ಬ್ಯಾಚನ್ನು ತೆಗೆದುಕೊಳ್ಳೋಣ. ಈ ಜಿಲ್ಲೆಯಲ್ಲಿ ಈ ವಿಷಯ ಮೆಚ್ಚುವ ವಿದ್ಯಾರ್ಥಿಗಳಿಗೆ ಕೊರತೆಯಿಲ್ಲ. 200 ಮಿ.ಮೀ. ಬಾಯಿಯ ಆಲಿಕೆ, ಅದರ ಕೆಳಗೆ ತಕ್ಕಡಿಯಂತೆ ಅತ್ತಿತ್ತ ವಾಲುವ ಎರಡು ಬಟ್ಟಲು, ವಾಲಿದಾಗಲೆಲ್ಲ ಆಯಸ್ಕಾಂತದಿಂದ ಮುಚ್ಚಿ ತೆರೆಯುವ ರೀಡ್ ಸ್ವಿಚ್. ಆಲಿಕೆಯ ಬಾಯಿ 314 ಚದರ ಸೆಂ.ಮೀ., ಆದ್ದರಿಂದ 0.2 ಮಿ.ಮೀ. ಮಳೆಗೊಮ್ಮೆ ವಾಲಬೇಕಾದರೆ ಬಟ್ಟಲು 6.28 ಮಿ.ಲೀ.ಗೆ ವಾಲಬೇಕು.

ಕೆಟ್ಟ ವರದಿ ಹೀಗಿರುತ್ತದೆ: ‘ಮಳೆಮಾಪಕದ ಪರೀಕ್ಷೆ ನಡೆಯುತ್ತಿದೆ, ಶೇ 80 ಪೂರ್ಣ.’ ಉಪಯೋಗಕ್ಕೆ ಬರುವ ವರದಿ ಹೀಗೆ: ‘628 ಮಿ.ಲೀ. ನೀರನ್ನು ಒಂದು ಗಂಟೆಯಲ್ಲಿ ಹನಿಸಿದೆವು. ಎಣಿಕೆ 100 ಬರಬೇಕಿತ್ತು, 131 ಬಂತು. ಬಟ್ಟಲು ವಾಲಿದ್ದನ್ನು ಕಣ್ಣಿನಿಂದ ಎಣಿಸಿದಾಗ 99. ಸ್ವಿಚ್ ಕೆಲವು ಸಲ ಮುಚ್ಚುವಾಗ ಅದುರಿ ಎರಡೆರಡು ಎಣಿಕೆಯಾಗುತ್ತಿದೆ ಎಂದು ಊಹೆ. ಮುಂದಿನ ವಾರ: 200 ಮಿಲಿಸೆಕೆಂಡಿನೊಳಗೆ ಬರುವ ಎರಡನೇ ಎಣಿಕೆಯನ್ನು ಪ್ರೋಗ್ರಾಂನಲ್ಲಿ ಬಿಟ್ಟು ಮತ್ತೆ ಅಳೆಯುವುದು. ಅದೇ ನೀರನ್ನು ಹತ್ತು ನಿಮಿಷದಲ್ಲಿ ಹನಿಸಿಯೂ ನೋಡುವುದು.’ ಇದನ್ನು ಓದಿದ ಗೈಡ್‌ಗೆ ಎದುರಿಗೆ ಕೂರಿಸಿಕೊಂಡು ಕೇಳುವಂಥದ್ದೇನೂ ಉಳಿಯುವುದಿಲ್ಲ. ಹತ್ತು ನಿಮಿಷದ ಪರೀಕ್ಷೆ ಗಂಟೆಗೆ 120 ಮಿ.ಮೀ. ಮಳೆಗೆ ಸಮ. ಆಗಲೂ ಎರಡು ವಾಲುವಿಕೆಗಳ ನಡುವೆ ಆರು ಸೆಕೆಂಡ್ ಇರುವುದರಿಂದ 200 ಮಿಲಿಸೆಕೆಂಡ್ ಬಿಡುವುದರಿಂದ ನಿಜವಾದ ಎಣಿಕೆ ತಪ್ಪುವುದಿಲ್ಲ. ಆದರೆ ಬಟ್ಟಲು ವಾಲುವ ಗಳಿಗೆಯಲ್ಲಿ ಬಿದ್ದ ನೀರು ಲೆಕ್ಕಕ್ಕೆ ಸಿಗದೆ ಜೋರು ಮಳೆಯಲ್ಲಿ ಎಣಿಕೆ ಕಡಿಮೆ ತೋರಿಸುವ ದೋಷ ಈ ಮಾಪಕಕ್ಕೆ ಇದ್ದೇ ಇದೆ. ಆಷಾಢದ ಮಳೆ ಅಳೆಯಲು ಹೊರಟ ತಂಡಕ್ಕೆ ಇದು ಮೊದಲೇ ತಿಳಿದಿರಬೇಕು.

ಅದೇ ತಂಡ ಅಳತೆಯನ್ನು ಎಸ್‌ಎಂಎಸ್ ಮೂಲಕ ಕಳಿಸಲು ಅಗ್ಗದ ಸಿಮ್800ಎಲ್ ಮಾಡ್ಯೂಲ್ ಹಾಕುತ್ತದೆ ಎನ್ನಿ. ಅದಕ್ಕೆ ಬೇಕಾದದ್ದು 3.4ರಿಂದ 4.4 ವೋಲ್ಟ್, ಸಿಗ್ನಲ್ ಕಳಿಸುವ ಗಳಿಗೆಯಲ್ಲಿ 2 ಆಂಪಿಯರ್ ತನಕ ಎಳೆಯುತ್ತದೆ. ಆರ್ಡುಯಿನೊ ಎಂಬ ಪುಟ್ಟ ನಿಯಂತ್ರಕ ಬೋರ್ಡಿನ 5 ವೋಲ್ಟ್ ಪಿನ್ನಿನಿಂದ ಕೊಟ್ಟರೆ ವೋಲ್ಟೇಜೂ ಹೆಚ್ಚು, ಕರೆಂಟೂ ಸಾಲದು. ಮಾಡ್ಯೂಲ್ ನೆಟ್‌ವರ್ಕ್ ಹಿಡಿಯಲು ಹೋಗಿ ಮತ್ತೆ ಮತ್ತೆ ರೀಸ್ಟಾರ್ಟ್ ಆಗುತ್ತದೆ. ಅದರ ಮೇಲಿನ ದೀಪ ಮೂರು ಸೆಕೆಂಡಿಗೊಮ್ಮೆ ಮಿನುಗಿದರೆ ನೆಟ್‌ವರ್ಕ್ ಸಿಕ್ಕಿದೆ ಎಂದು, ಸೆಕೆಂಡಿಗೊಮ್ಮೆ ಮಿನುಗುತ್ತಲೇ ಇದ್ದರೆ ಇನ್ನೂ ಹುಡುಕುತ್ತಿದೆ ಎಂದು ಅರ್ಥ. ಜಿಯೊ ಸಿಮ್ ಹಾಕಿದ್ದರೆ ಹುಡುಕುತ್ತಲೇ ಇರುತ್ತದೆ, ಏಕೆಂದರೆ ಈ ಮಾಡ್ಯೂಲ್ ನಡೆಯುವುದು 2ಜಿಯಲ್ಲಿ, ಜಿಯೊಗೆ 2ಜಿ ಇಲ್ಲ. ಇಷ್ಟನ್ನು ಬಲ್ಲವರು ಐದು ನಿಮಿಷದಲ್ಲಿ ಹೇಳಿಬಿಡುತ್ತಾರೆ: ಬೇರೆ ಪವರ್ ಸಪ್ಲೈ ಕೊಡಿ, ಮಾಡ್ಯೂಲಿನ ಪಕ್ಕದಲ್ಲೇ 1000 ಮೈಕ್ರೊಫ್ಯಾರಡ್ ಕೆಪಾಸಿಟರ್ ಹಾಕಿ, ಸಿಮ್ ಬದಲಿಸಿ. ಆದರೆ ಡೈರಿಯಲ್ಲಿ ‘ಜಿಎಸ್‌ಎಂ ಮಾಡ್ಯೂಲ್ ಇಂಟರ್‌ಫೇಸಿಂಗ್ ಪ್ರಗತಿಯಲ್ಲಿದೆ’ ಎಂದು ನಾಲ್ಕು ವಾರ ಬರೆದರೆ ಆ ಐದು ನಿಮಿಷ ಯಾರಿಂದಲೂ ಸಿಗುವುದಿಲ್ಲ.

ಆದ್ದರಿಂದ ‘ಸಮಸ್ಯೆ’ ಎಂಬ ಕಲಂ ಕಡ್ಡಾಯವಾಗಿರಲಿ. ಏನು ಮಾಡಿ ನೋಡಿದಿರಿ, ಏನು ಕಂಡಿತು, ನಿಮ್ಮ ಊಹೆ ಏನು, ಯಾರ ಸಹಾಯ ಯಾವ ದಿನದೊಳಗೆ ಬೇಕು ಎಂದು ನಾಲ್ಕು ಸಾಲು. ಮೂರು ವಾರ ಸತತವಾಗಿ ‘ಸಮಸ್ಯೆ ಇಲ್ಲ’ ಎಂದು ಬಂದರೆ ಕೆಲಸವೇ ನಡೆಯುತ್ತಿಲ್ಲ ಎಂದು ಗೈಡ್ ತಿಳಿಯಬೇಕು. ಕಂಪನಿಗಳಲ್ಲಿ ಇಂಥ ವರದಿಗೆ ಕಲ್ಲಂಗಡಿ ಎಂಬ ಅಡ್ಡಹೆಸರಿದೆ, ಹೊರಗೆ ಹಸಿರು, ಕೊಯ್ದರೆ ಕೆಂಪು.

ಮಕ್ಕಳು ತಿಪ್ಪೆ ಸಾರಿಸುವುದು ಏಕೆ ಎಂದೂ ಕೇಳಿಕೊಳ್ಳಬೇಕು. ‘ಮುಗಿಯಲಿಲ್ಲ’ ಎಂದು ಬರೆದ ವಾರ ಅಂಕ ಕತ್ತರಿಸಿದರೆ, ರಿವ್ಯೂನಲ್ಲಿ ಎಲ್ಲರೆದುರು ಬೈದರೆ, ಮುಂದಿನ ವಾರದಿಂದ ಎಲ್ಲವೂ ಮುಗಿಯುತ್ತಾ ಹೋಗುತ್ತದೆ, ಕಾಗದದ ಮೇಲೆ. ವಾರದ ವರದಿಗೆ ಹತ್ತು ಅಂಕ ಮೀಸಲಿಡುವುದಾದರೆ ಹಾಳೆ ಸಮಯಕ್ಕೆ ಬಂದದ್ದಕ್ಕೆ ಐದು, ಪುರಾವೆ ಇದ್ದದ್ದಕ್ಕೆ ಮೂರು, ಸಮಸ್ಯೆಯನ್ನು ಸ್ಪಷ್ಟವಾಗಿ ಬರೆದದ್ದಕ್ಕೆ ಎರಡು ಕೊಡಿ. ಕೆಲಸ ಎಷ್ಟು ಮುಗಿಯಿತು ಎಂಬುದಕ್ಕೆ ರಿವ್ಯೂ ಮತ್ತು ವೈವಾದಲ್ಲಿ ಹೇಗೂ ಅಂಕವಿದೆ. ತಪ್ಪಿಸಿಕೊಂಡ ವಾರದ ಹಾಳೆಯನ್ನು ಆಮೇಲೆ ತುಂಬಲು ಬಿಡಬಾರದು, ಅದು ಖಾಲಿಯಾಗಿಯೇ ಉಳಿಯಲಿ.

ಗೈಡ್‌ಗಳ ಪಾಲಿನ ಕೆಲಸವೂ ಇದೆ, ಇಲ್ಲಿ ಸ್ವಲ್ಪ ನಿಷ್ಠುರವಾಗಿಯೇ ಹೇಳಬೇಕು. ವಿದ್ಯಾರ್ಥಿಗಳು ವರದಿ ನಿಲ್ಲಿಸುವುದು ಸೋಮಾರಿತನದಿಂದಲ್ಲ, ಯಾರೂ ಓದುತ್ತಿಲ್ಲ ಎಂದು ಮೂರನೇ ವಾರಕ್ಕೆ ಗೊತ್ತಾಗುವುದರಿಂದ. ಶುಕ್ರವಾರ ಸಂಜೆ ಹಾಳೆ ಕೊಟ್ಟರೆ ಸೋಮವಾರ ಮಧ್ಯಾಹ್ನದೊಳಗೆ ಉತ್ತರ ಬರಬೇಕು. ಉದ್ದದ ಉತ್ತರ ಬೇಡ. ‘ಮುಂದುವರಿಸಿ’, ‘ಇದನ್ನು ಕೈಬಿಡಿ’, ‘ಬುಧವಾರ ಮೂರು ಗಂಟೆಗೆ ಬನ್ನಿ’, ಈ ಮೂರರಲ್ಲಿ ಒಂದು ಸಾಕು, ಸಹಿಯ ಜೊತೆ ದಿನಾಂಕ ಇರಲಿ. ಒಂದು ಹಾಳೆ ಓದಲು ಹತ್ತು ನಿಮಿಷ ಎಂದರೂ ಎಂಟು ಬ್ಯಾಚ್ ಇರುವವರಿಗೆ ವಾರಕ್ಕೆ 80 ನಿಮಿಷ. ಇದನ್ನು ಟೈಮ್‌ಟೇಬಲ್‌ನಲ್ಲಿ ಕಾಣಿಸುವುದು ವಿಭಾಗ ಮುಖ್ಯಸ್ಥರ (ಎಚ್‌ಒಡಿ), ಪ್ರಾಂಶುಪಾಲರ ಹೊಣೆ. ಬಿಡುವಿನ ವೇಳೆಯಲ್ಲಿ ಮಾಡಿಕೊಳ್ಳಿ ಎಂದರೆ ಆಗುವ ಕೆಲಸವಲ್ಲ.

ವಾಟ್ಸ್‌ಆ್ಯಪ್ ಗ್ರೂಪ್ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. ನೆನಪಿಸಲು ಅದು ಚೆನ್ನ, ದಾಖಲೆಗೆ ಆಗದು. ಶುಭೋದಯದ ಹೂವು, ವಾಯ್ಸ್ ಮೆಸೇಜುಗಳ ನಡುವೆ ಐದನೇ ವಾರದ ನಿರ್ಧಾರವನ್ನು ಹನ್ನೊಂದನೇ ವಾರ ಹುಡುಕಿದರೆ ಸಿಗುವುದಿಲ್ಲ.

ಇಲ್ಲಿಯ ಹವೆ ಮತ್ತು ಹಬ್ಬ ನೋಡದೆ ಬೆಂಗಳೂರಿನ ಕಾಲೇಜುಗಳ ವೇಳಾಪಟ್ಟಿಯನ್ನು ತಂದು ಹಾಕುವುದೂ ಸರಿಯಲ್ಲ. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಆನ್‌ಲೈನ್ ಫಾರಂ ಶುಕ್ರವಾರ ಐದು ಗಂಟೆಗೆ ಮುಚ್ಚಿದರೆ ಭಾಗಮಂಡಲ, ಶಾಂತಳ್ಳಿ ಕಡೆಯ ಹುಡುಗರಿಗೆ ಅದು ಶಿಕ್ಷೆ. ಕಾಗದದಲ್ಲಿ ಬರೆದು, ನೆಟ್‌ವರ್ಕ್ ಬಂದಾಗ ಫೋಟೊ ತೆಗೆದು ಕಳಿಸಿದರೆ ಸಾಕು, ಹಾಳೆಯ ಮೇಲಿನ ದಿನಾಂಕವನ್ನೇ ಒಪ್ಪಬೇಕು. ಸೆಪ್ಟೆಂಬರ್ ಮೊದಲಿಗೆ ಕೈಲ್ ಮುಹೂರ್ತ, ಆಮೇಲೆ ದಸರಾ, ಅಕ್ಟೋಬರ್ ನಡುವೆ ತುಲಾ ಸಂಕ್ರಮಣ, ನವೆಂಬರ್–ಡಿಸೆಂಬರಿನಲ್ಲಿ ಹುತ್ತರಿ. ಮುಂದೆ ಕಾಫಿ ಕುಯ್ಲು ಶುರುವಾದರೆ ಸಣ್ಣ ಬೆಳೆಗಾರರ ಮನೆಯ ಮಕ್ಕಳು ಶನಿವಾರ, ಭಾನುವಾರ ಕಣದಲ್ಲಿರುತ್ತಾರೆ, ಕಾರ್ಮಿಕರ ಮಕ್ಕಳು ತೋಟದಲ್ಲಿರುತ್ತಾರೆ. ಮೊದಲ ವಾರ ಯೋಜನೆ ಬರೆಯುವಾಗಲೇ ಈ ವಾರಗಳನ್ನು ಗುರುತಿಸಿ ‘ಸೊನ್ನೆ ವಾರ’ ಎಂದು ಬರೆದಿಡಲಿ. ಮಳೆ ರಜೆಗೆಂದು ಇನ್ನೆರಡು ವಾರ ಕೈಯಲ್ಲಿರಲಿ. ಹಾಗೆ ಮಾಡಿದಾಗ 16 ವಾರದ ಸೆಮಿಸ್ಟರಿನಲ್ಲಿ ನಿಜವಾಗಿ ಸಿಗುವುದು ಹತ್ತೋ ಹನ್ನೊಂದೋ ವಾರ ಎಂದು ತಿಳಿಯುತ್ತದೆ, ಮೇಲೆ ಹೇಳಿದ 40 ತುಂಡು ಆಗ 28ಕ್ಕೋ 31ಕ್ಕೋ ಇಳಿಯಬೇಕಾಗುತ್ತದೆ. ಸೊನ್ನೆ ವಾರದಲ್ಲೂ ಹಾಳೆ ಬರಲೇಬೇಕು, ಅದರಲ್ಲಿ ‘ಕೆಲಸ ನಡೆದಿಲ್ಲ, ಹುತ್ತರಿ’ ಎಂದಿದ್ದರೆ ಸಾಕು.

ಸಾಮಾನಿಗೂ ಒಂದು ಸಾಲು ಬೇಕು. ಬಿಡಿಭಾಗದ ಹೆಸರು, ಆರ್ಡರ್ ಮಾಡಿದ ದಿನ, ಬರಬೇಕಾದ ದಿನ, ಬಾರದಿದ್ದರೆ ಬದಲಿ ಏನು. ಇಲ್ಲಿಗೆ ಎಲ್ಲವೂ ರಸ್ತೆಯಲ್ಲೇ ಬರಬೇಕು, ಗುಡ್ಡ ಜರಿದು ರಸ್ತೆ ಮುಚ್ಚಿದರೆ ಕೊರಿಯರ್ ಮೈಸೂರಿನಲ್ಲೋ ಮಂಗಳೂರಿನಲ್ಲೋ ಕೂರುತ್ತದೆ. ಸುಲಭವಾಗಿ ಸುಟ್ಟುಹೋಗುವ ಮಾಡ್ಯೂಲುಗಳನ್ನು ಎರಡೆರಡು ತರಿಸಿಕೊಳ್ಳುವುದು ದುಂದುಗಾರಿಕೆಯಲ್ಲ.

ಕೊನೆಗೊಂದು ಕೋರಿಕೆ. ವೈವಾ ಮುಗಿದ ಮೇಲೆ ಚಿನ್ನದ ಅಕ್ಷರದ ಬೈಂಡಿಂಗ್ ರಿಪೋರ್ಟ್ ಲೈಬ್ರರಿ ಸೇರುತ್ತದೆ, ಡೈರಿ ರದ್ದಿಗೆ ಹೋಗುತ್ತದೆ. ವಾರದ ಹಾಳೆಗಳನ್ನು ಪಿನ್ ಹೊಡೆದು ಅದೇ ರಿಪೋರ್ಟಿನ ಬೆನ್ನಿಗೆ ಸೇರಿಸುವಂತೆ ಕಾಲೇಜುಗಳು ಹೇಳಲಿ. ಮುಂದಿನ ವರ್ಷ ಅದೇ ಮಳೆಮಾಪಕ ಎತ್ತಿಕೊಂಡ ಬ್ಯಾಚ್‌ಗೆ ಬೈಂಡಿಂಗ್ ಪುಸ್ತಕದಲ್ಲಿ ಎಲ್ಲವೂ ಸರಿಯಾಗಿ ನಡೆದಂತೆ ಕಾಣುತ್ತದೆ. ಎಣಿಕೆ 131 ಬಂದದ್ದು, ಸಿಮ್ ಬದಲಿಸಿದ್ದು ಇರುವುದು ಆ ಹಾಳೆಗಳಲ್ಲಿ ಮಾತ್ರ.

ಇತಿ,
ಪ್ರಾಜೆಕ್ಟ್ ಮಾರ್ಗದರ್ಶನದಲ್ಲಿ ತೊಡಗಿರುವ ಕೆಲವು ಉಪನ್ಯಾಸಕರು,
ಮಡಿಕೇರಿ